ಭೀಮೆಯ ದಂಡೆಗೆ ಸೈಕಲ್ ಪಯಣ

ಅಧ್ಯಯನ ಪ್ರವಾಸವು ಬಸ್ಸು, ಭೋಜನ, ಛಾಯಾಚಿತ್ರಗಳಲ್ಲಿ ಮುಗಿಯಬಾರದು. ಸೊಲ್ಲಾಪುರದಿಂದ ಸುಮಾರು 40 ಕಿ.ಮೀ. ದೂರದ ಹತ್ತರಸಂಗ ಕುಡಲಕ್ಕೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಸೈಕಲ್ ತುಳಿದೇ ಹೋಗಬೇಕೆಂಬುದು ನನ್ನ ಅಭಿಮತ.

ಸೀನಾ ನದಿ ಭೀಮೆಯನ್ನು ಸೇರುವ ಆ ದಂಡೆಯ ಸಂಗಮೇಶ್ವರ ದೇವಾಲಯದಲ್ಲಿ ಶಕ 940ರ, ಎಂದರೆ ಕ್ರಿ.ಶ. 1018ರ ಶಾಸನವಿದೆ. ಮರಾಠಿಯ ಅತಿ ಪ್ರಾಚೀನ ಶಾಸನಗಳಲ್ಲಿ ಅದನ್ನು ಎಣಿಸುತ್ತಾರೆ. ಊರಿನ ಹೆಸರಾದರೋ ಕನ್ನಡದ್ದು. ‘ಕೂಡಲ’ವೆಂದರೆ ನದಿಗಳು ಕೂಡುವ ತಾಣ, ವಚನಗಳನ್ನು ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕಲ್ಲು ಒಂದು ನುಡಿಯನ್ನು ಕಾಪಾಡಿದೆ, ನೆಲ ಇನ್ನೊಂದನ್ನು.

ಮೋಟಾರಿನಲ್ಲಿ ಬೇಗ ತಲುಪಬಹುದಲ್ಲ ಎಂದು ಕೆಲವರು ಕೇಳಿಯಾರು. ವಾಹನವು ಊರನ್ನು ಮುಟ್ಟಿಸುತ್ತದೆ. ದಾರಿಯ ಮಾತನ್ನು ಕೇಳಿಸುವುದಿಲ್ಲ. ಈ ಬಯಲು ಸೀಮೆಯಲ್ಲಿ ಕಡಿದಾದ ಏರುಗಳಿಲ್ಲ. ಕಬ್ಬಿನ ಹೊಲದ ಬದಿಯಲ್ಲಿ ನೀರು ಕುಡಿಯಲು ನಿಂತರೆ ಒಂದೇ ಬಾಯಲ್ಲಿ ಎರಡು ನುಡಿಗಳು ಕೇಳಿಸುತ್ತವೆ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಮೆತ್ತುವುದರಿಂದ ಚಳಿಗಾಲವೇ ಲೇಸು.

ಹೋದವರು ದಾರಿಯ ಹಳ್ಳ, ಹೊಲ, ದಿಬ್ಬಗಳ ಹೆಸರುಗಳನ್ನು ಕೇಳಿ ಬರೆದು ತರಲಿ. ಅವು ಯಾವ ಪಠ್ಯದಲ್ಲಿಯೂ ಇಲ್ಲ. ಹೇಳಬಲ್ಲ ಹಿರಿಯರು ವರುಷ ವರುಷಕ್ಕೆ ಕಡಿಮೆಯಾಗುತ್ತಿದ್ದಾರೆ.