ಮೊದಲು ಕೈಲೆಕ್ಕ, ಆಮೇಲೆ ಕಂಪ್ಯೂಟರ್

‘ಸಾಫ್ಟ್‌ವೇರ್ ಇರುವಾಗ ಕೈಲೆಕ್ಕ ಯಾಕೆ?’ ಎಂಬ ಮಾತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಲೀಸಾಗಿ ಕೇಳಿಬರುತ್ತದೆ. ಸಾಫ್ಟ್‌ವೇರ್ ಇರುವುದರಿಂದಲೇ ಕೈಲೆಕ್ಕ ಮೊದಲಿಗಿಂತ ಹೆಚ್ಚು ಬೇಕು ಎಂಬುದು ನನ್ನ ವಾದ. ತಪ್ಪು ಉತ್ತರವನ್ನೂ ಸಾಫ್ಟ್‌ವೇರ್ ಸರಿ ಉತ್ತರದಷ್ಟೇ ಅಚ್ಚುಕಟ್ಟಾಗಿ ತೋರಿಸುತ್ತದೆ.

ಸಿಂಧನೂರಿನ ಅಕ್ಕಿ ಗಿರಣಿಯೊಂದರ ಡ್ರೈಯರ್ ವಿನ್ಯಾಸ ಮಾಡಬೇಕೆನ್ನಿ. ನೆನೆಸಿ ಹಬೆಯಲ್ಲಿ ಬೇಯಿಸಿದ ಭತ್ತದಲ್ಲಿ ಶೇ 32 ತೇವಾಂಶವಿದೆ, ಅದು ಶೇ 14ಕ್ಕೆ ಇಳಿಯಬೇಕು ಎಂದಿಟ್ಟುಕೊಳ್ಳೋಣ. 1000 ಕೆ.ಜಿ. ಹಸಿ ಭತ್ತದಲ್ಲಿ ಒಣ ಪದಾರ್ಥ 680 ಕೆ.ಜಿ. ಅದನ್ನು 0.86ರಿಂದ ಭಾಗಿಸಿದರೆ ಒಣಗಿದ ಮೇಲಿನ ತೂಕ 791 ಕೆ.ಜಿ. ಆವಿಯಾಗಬೇಕಾದ ನೀರು 209 ಕೆ.ಜಿ. ಅದಕ್ಕೆ ಸುಮಾರು 500 ಮೆಗಾಜೂಲ್ ಶಾಖ ಬೇಕು. ಉರುವಲಾಗಿ ಬಳಸುವ ಭತ್ತದ ಹೊಟ್ಟು ಒಂದು ಕೆ.ಜಿ. ಉರಿದರೆ ಸುಮಾರು 13 ಮೆಗಾಜೂಲ್ ಸಿಗುತ್ತದೆ. ಒಂದಿಷ್ಟೂ ಪೋಲಾಗದಿದ್ದರೂ 38 ಕೆ.ಜಿ. ಹೊಟ್ಟು ಬೇಕೇ ಬೇಕು. ಕಂಪ್ಯೂಟರ್ 20 ಕೆ.ಜಿ. ಸಾಕೆಂದರೆ ಹುಬ್ಬೇರಬೇಕು. ಕೈಲೆಕ್ಕ ಮಾಡದವನಿಗೆ ಅನುಮಾನವೇ ಬರುವುದಿಲ್ಲ.

ಶಾಖದ ಲೆಕ್ಕ ಸರಿ ಬಂದ ಮಾತ್ರಕ್ಕೆ ಅಕ್ಕಿ ಸರಿ ಬರುವುದಿಲ್ಲ. ಒಂದೇ ಸಲ ಜೋರಾಗಿ ಬಿಸಿಗಾಳಿ ಬಿಟ್ಟರೆ ಕಾಳಿನ ಹೊರಮೈ ಒಣಗಿ, ಒಳಗೆ ಹಸಿ ಉಳಿದು, ಬಿರುಕು ಬಿಡುತ್ತದೆ. ಗಿರಣಿಗೆ ಹಾಕಿದಾಗ ನುಚ್ಚಾಗುತ್ತದೆ. ಅದಕ್ಕೇ ಶೇ 18ರ ಆಸುಪಾಸಿನಲ್ಲಿ ನಿಲ್ಲಿಸಿ, ಕೆಲವು ಗಂಟೆ ಹಾಗೇ ಬಿಟ್ಟು, ಮತ್ತೆ ಒಣಗಿಸುತ್ತಾರೆ. ಬಿರುಕಿನ ಲೆಕ್ಕವನ್ನೇ ಸೇರಿಸದ ಕಂಪ್ಯೂಟರ್ ಸಿಮ್ಯುಲೇಷನ್‌ಗೆ ನುಚ್ಚು ಎಂಬುದೇ ಗೊತ್ತಿಲ್ಲ. ಗಿರಣಿ ಮಾಲೀಕನಿಗೆ ನಷ್ಟವಾಗುವುದು ಮಾತ್ರ ಅಲ್ಲೇ.

ಸಿಮ್ಯುಲೇಷನ್ ಪರವಾದ ಗಟ್ಟಿ ವಾದವೂ ಇದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಸಯನೈಡ್ ದ್ರಾವಣ ಬಳಸಿ ಅದಿರಿನಿಂದ ಚಿನ್ನ ಬಿಡಿಸುತ್ತಾರೆ. ಆ ದ್ರಾವಣಕ್ಕೆ ಸುಣ್ಣ ಕಡಿಮೆಯಾಗಿ ಪಿಎಚ್ ಇಳಿದರೆ ವಿಷಾನಿಲ ಏಳುತ್ತದೆ. ವಿದ್ಯಾರ್ಥಿಗಳ ಕೈಯಲ್ಲಿ ಇದನ್ನು ನಿಜವಾಗಿ ಮಾಡಿಸುವಂತಿಲ್ಲ, ಕಂಪ್ಯೂಟರ್‌ನಲ್ಲಿ ಮಾಡಿಸಬಹುದು. ಡಿಡಬ್ಲ್ಯುಸಿಮ್ ಎಂಬ ಸಿಮ್ಯುಲೇಷನ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ; ಅದನ್ನು ಕಾಲೇಜುಗಳಿಗೆ ತಲುಪಿಸಲು ಐಐಟಿ ಬಾಂಬೆಯ ಫಾಸೀ ಯೋಜನೆ ದುಡಿದಿದೆ. ಮಸ್ಕಿಯ ಹುಡುಗಿಯೊಬ್ಬಳು ದೊಡ್ಡ ಲ್ಯಾಬ್ ಇಲ್ಲದೆಯೂ ನೂರು ಬಗೆಯ ವಿನ್ಯಾಸ ಪರೀಕ್ಷಿಸಬಹುದು. ಇದು ಸಣ್ಣ ಲಾಭವಲ್ಲ. ಆದರೆ ವಿಷಾನಿಲದ ರಾಸಾಯನಿಕ ಕ್ರಿಯೆಯನ್ನು ಸೇರಿಸುವುದನ್ನೇ ಮರೆತರೆ, ‘ಸುಣ್ಣ ಕಡಿಮೆ ಮಾಡಿ, ಖರ್ಚು ಉಳಿಯುತ್ತದೆ’ ಎಂಬ ತೀರ್ಮಾನಕ್ಕೆ ಅವಳು ಬಂದುಬಿಡಬಹುದು. ಅಂಥ ವಿನ್ಯಾಸ ಜೀವ ತೆಗೆಯುತ್ತದೆ.

ಕಂಪನಿಗಳು ಸಾಫ್ಟ್‌ವೇರ್ ಬಲ್ಲವರನ್ನೇ ಕೇಳುತ್ತವೆ ಎನ್ನುವವರಿಗೆ ಇಷ್ಟೇ: ಬಟನ್ ಒತ್ತುವುದನ್ನು ಯಾರಾದರೂ ಕೆಲವೇ ವಾರದಲ್ಲಿ ಕಲಿಯುತ್ತಾರೆ; ಬಂದ ಉತ್ತರ ತಪ್ಪೆಂದು ಗುರುತಿಸಲು ಕೈಲೆಕ್ಕವೇ ಬೇಕು.

ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟು. ವಿದ್ಯಾರ್ಥಿಯ ವರದಿಯಲ್ಲಿನ ಬಣ್ಣದ ಫ್ಲೋಶೀಟ್‌ಗೆ ಅಂಕ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿ: ಕೈಲೆಕ್ಕ ಎಲ್ಲಿದೆ? ಸಿಮ್ಯುಲೇಷನ್‌ನಲ್ಲಿ ಯಾವುದನ್ನು ಸೇರಿಸಿಲ್ಲ? ಉತ್ತರ ಬರದಿದ್ದರೆ ವರದಿಯನ್ನು ವಾಪಸ್ ಕಳಿಸಿ.