ಹಳೆ ಕಾರಿಗೆ ಎಷ್ಟು ಅಗಲದ ಟೈರು?

ಧಾರವಾಡದಿಂದ ಪುಣೆಗೆ ಬರುವಾಗ ಖಂಬಾಟ್ಕಿ ಘಾಟಿನ ಸುರಂಗ ದಾಟಿದ ಮೇಲೆ ಇಳಿಜಾರಿನಲ್ಲಿ ಎಸ್ ಆಕಾರದ ಒಂದು ತಿರುವಿದೆ. ಆ ದಾರಿಯಲ್ಲಿ ಊರಿಗೆ ಹೋಗಿಬರುವ ಪುಣೆ, ಮುಂಬೈ ಕನ್ನಡಿಗರಿಗೆಲ್ಲ ಅದರ ಪರಿಚಯ ಇದ್ದೇ ಇರುತ್ತದೆ. ಹೋದ ವರ್ಷ ಜುಲೈನಲ್ಲಿ, ಜಿಟಿಜಿಟಿ ಮಳೆಯಲ್ಲಿ, ಆ ತಿರುವಿನ ಎರಡನೇ ಸೊಟ್ಟಿನಲ್ಲಿ ನನ್ನ ಕಾರಿನ ಹಿಂಭಾಗ ಸರ್ರನೆ ಹೊರಗೆ ಜಾರಿತು. ವೇಗ 50ರ ಆಸುಪಾಸು ಇದ್ದಿರಬೇಕು, ಹೆಚ್ಚಿರಲಿಲ್ಲ. ಬಲಗಡೆ ಲಾರಿ. ಸ್ಟಿಯರಿಂಗನ್ನು ಜಾರಿದ ಕಡೆಗೇ ತಿರುಗಿಸಿ, ಬ್ರೇಕ್ ಮುಟ್ಟದೆ, ಉಸಿರು ಬಿಗಿಹಿಡಿದು ಕೂತೆ. ಕಾರು ಒಮ್ಮೆ ಆಚೆ, ಒಮ್ಮೆ ಈಚೆ ತೂರಾಡಿ ನೇರವಾಯಿತು. ಹೆಂಡತಿಯ ಮಡಿಲಲ್ಲಿದ್ದ ಪೇಢೆಯ ಡಬ್ಬಿ ಕಾಲ ಬಳಿ ಬಿದ್ದು ಪೇಢೆಗಳೆಲ್ಲ ಚೆಲ್ಲಾಪಿಲ್ಲಿ.

ಖೇಡ್ ಶಿವಾಪುರದ ಟೋಲ್ ನಾಕೆಯವರೆಗೆ ಆಕೆ ಒಂದು ಮಾತೂ ಆಡಲಿಲ್ಲ. ಅಲ್ಲಿ ಸಾಲಿನಲ್ಲಿ ನಿಂತಾಗ ಮೆಲ್ಲಗೆ ಹೇಳಿದಳು: "ಇನ್ನ ಮ್ಯಾಲೆ ಈ ಗಾಡ್ಯಾಗ ನಾ ಕೂಡಂಗಿಲ್ರಿ. ನೀವು ಇದನ್ನ ತಗೊಂಡು ಬರ್ರಿ, ನಾ ಬಸ್ಸಿಗೆ ಬರ್ತೀನಿ." ಮೂವತ್ತೈದು ವರ್ಷದ ಸಂಸಾರದಲ್ಲಿ ಆಕೆಯ ದನಿ ಏರಿದಾಗ ನಾನು ಹೆದರಿದ್ದಿಲ್ಲ. ಅಷ್ಟು ತಗ್ಗಿದಾಗ ಹೆದರಿದ್ದೇನೆ.

ಈ ಕಾರಿನ ಸುದ್ದಿ ಈ ಅಂಕಣದಲ್ಲಿ ಇದು ಮೂರನೆಯ ಸಲ. ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ. ಅದು 1967ರ ಎಂಜಿಬಿ, ಎರಡೇ ಸೀಟಿನ, ಮೇಲೆ ಬಟ್ಟೆ ಹೊದಿಕೆಯ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. ಆಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಈ ಜಾತಿಯ ಕಾರುಗಳನ್ನು ಮಾಡಿದರು. 1798 ಸಿಸಿ ಎಂಜಿನ್, ಕಡ್ಡಿ ಚಕ್ರಗಳು, ಪವರ್ ಇಲ್ಲದ ಸ್ಟಿಯರಿಂಗ್. ನಾನು ಕೆಲಸಕ್ಕಿದ್ದ ಕಾರ್ಖಾನೆಯ ಹಿರಿಯ ಪಾರ್ಸಿ ಸಾಹೇಬರು ನಿವೃತ್ತಿಯ ಕಾಲಕ್ಕೆ ನನಗೆ ಕೊಟ್ಟದ್ದು. ದುಡ್ಡಿಗೇ ಕೊಟ್ಟರು, ಆದರೆ ಕಂತಿನಲ್ಲಿ. "ಇದರಲ್ಲಿ ಏನನ್ನೂ ಬದಲಿಸಬೇಡ, ಸವೆದದ್ದನ್ನು ಮಾತ್ರ ಬದಲಿಸು" ಎಂದಿದ್ದರು. ಇಲ್ಲಿಯವರೆಗೆ ಹಾಗೇ ನಡೆದುಕೊಂಡು ಬಂದಿದ್ದೇನೆ.

ಆ ಜುಲೈ ಸಂಜೆ ಮಗನಿಗೆ ನಡೆದದ್ದನ್ನು ಹೇಳಿದೆ. ಹಿಂಜೇವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸದವನು. ಪಾರ್ಕಿಂಗಿಗೆ ಇಳಿದು, ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿ ತೀರ್ಪು ಕೊಟ್ಟ. "ಅಪ್ಪಾ, ನನ್ನ ಕಾರಿನ ಟೈರ್ 195. ನಿಮ್ದು 165. ಸೈಕಲ್ ಟೈರ್ ಇದ್ದಂಗ ಐತಿ. ಜಾರದs ಏನ್ ಮಾಡ್ತದ?" ಮರುದಿನ ಟೈರ್ ಅಂಗಡಿಯವನೂ ಅದನ್ನೇ ಹೇಳಿದ. "ಕಾಕಾ, 195/60 ಹಾಕಿಸಿ. ಅಗಲವಾದಷ್ಟೂ ಹಿಡಿತ ಜಾಸ್ತಿ. ನೋಡೋಕೂ ಭರ್ಜರಿ." ಕಡ್ಡಿ ಚಕ್ರ ತೆಗೆದು ಅಲಾಯ್ ಹಾಕಲು ದರವನ್ನೂ ಹೇಳಿದ. ಖಂಬಾಟ್ಕಿ ಇನ್ನೂ ಕಣ್ಣಮುಂದೆ ಇತ್ತಲ್ಲ, ನಾನೂ ಅರ್ಧ ಒಪ್ಪಿಬಿಟ್ಟಿದ್ದೆ.

ಆದರೆ ನಲವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದ ಚಾಳಿ. ಮನೆಗೆ ಬಂದು ಕಾಗದ ಪೆನ್ಸಿಲ್ ಹಿಡಿದು ಕೂತೆ.

ಕಾರಿನ ತೂಕ ಸುಮಾರು 930 ಕಿಲೋ. ನಾವಿಬ್ಬರು, ಪೆಟ್ರೋಲು, ಊರಿಂದ ತಂದ ಚೀಲಗಳು ಸೇರಿ 1100 ಎನ್ನೋಣ. ಒಂದು ಚಕ್ರದ ಪಾಲಿಗೆ 275 ಕಿಲೋ. ಟೈರಿನಲ್ಲಿ 26 ಪೌಂಡ್ ಗಾಳಿ ಇದ್ದರೆ ಚದರ ಸೆಂಟಿಮೀಟರಿಗೆ 1.8 ಕಿಲೋ ಚಿಲ್ಲರೆ. ಭಾಗಿಸಿದರೆ ರಸ್ತೆಗೆ ತಾಗುವ ಜಾಗ ಹೆಚ್ಚುಕಡಿಮೆ 150 ಚದರ ಸೆಂಟಿಮೀಟರ್. ಆಲ್ಬಮ್ಮಿಗೆ ಅಂಟಿಸುವ ಫೋಟೋದಷ್ಟು. ಟೈರಿನ ಗಡಸುತನದಿಂದ ಲೆಕ್ಕ ಸ್ವಲ್ಪ ಅತ್ತಿತ್ತ ಆದೀತು, ಆದರೆ ಮುಖ್ಯ ಸಂಗತಿ ಅದೇ: ಟೈರು ಅಗಲವಾದರೂ ಗಾಳಿ ಅಷ್ಟೇ ಇದ್ದರೆ ಆ ಜಾಗ ಬೆಳೆಯುವುದು ಅಲ್ಪ. ಬದಲಾಗುವುದು ಅದರ ಆಕಾರ. ಕಿರಿದಾದ ಟೈರಿನಲ್ಲಿ ಅದು ಚೌಕದ ಹತ್ತಿರ, ಅಗಲದ ಟೈರಿನಲ್ಲಿ ಅಡ್ಡಡ್ಡ ಪಟ್ಟಿ.

ಒಣ ರಸ್ತೆಯ ತಿರುವಿನಲ್ಲಿ ಆ ಅಡ್ಡ ಪಟ್ಟಿಯಿಂದ ಲಾಭವಿದೆ, ಇಲ್ಲವೆನ್ನುವುದಿಲ್ಲ. ರೇಸಿನವರು ಸುಮ್ಮನೆ ಅಗಲ ಮಾಡುವುದಿಲ್ಲ. ನೀರು ನಿಂತ ರಸ್ತೆಯಲ್ಲಿ ಲೆಕ್ಕ ತಿರುಗುಮುರುಗು. ಅಗಲವಾದ ಟೈರು ತನ್ನ ಮುಂದಿನ ನೀರನ್ನು ಹೆಚ್ಚು ಅಗಲಕ್ಕೆ ಪಕ್ಕಕ್ಕೆ ತಳ್ಳಬೇಕು, ಅದಕ್ಕೆ ಸಿಗುವ ಉದ್ದವೂ ಕಡಿಮೆ. ಮೇಲಿರುವ ಕಾರು ಹಗುರ. ನೀರಿನ ಮೇಲೆ ತೇಲಿಬಿಡುವ ಗಳಿಗೆ ಬೇಗ ಬರುತ್ತದೆ. ನಾನು ಜಾರಿದ್ದು ಮಳೆಯಲ್ಲಿ. ಔಷಧಿ ಹುಡುಕುತ್ತಿದ್ದದ್ದು ಬಿಸಿಲಿನ ರೋಗಕ್ಕೆ.

ಇನ್ನೊಂದು ವಿಷಯ. ಈ ಕಾರು ಹುಟ್ಟಿದಾಗ ಅದಕ್ಕೆ ಇದ್ದದ್ದು 5.60-14 ಎಂಬ ಸಪೂರ ಕ್ರಾಸ್‌ಪ್ಲೈ ಟೈರು. ಆಮೇಲೆ 155, 165ರ ರೇಡಿಯಲ್‌ಗಳು ಬಂದವು. ಹಿಂದೆ ಲಾರಿಗಿರುವಂಥ ಪಾಟಾ, ಮುಂದೆ ಸುರುಳಿ ಸ್ಪ್ರಿಂಗು, ಇಂದಿನ ಕೊಳವೆ ಆಕಾರದ ಶಾಕ್ ಅಬ್ಸಾರ್ಬರ್ ಬದಲು ತೋಳು ಚಾಚಿದ ಹಳೆಯ ಮಾದರಿಯ ಡ್ಯಾಂಪರ್. ಇದನ್ನೆಲ್ಲ ಹೊಂದಿಸಿದವರು ಆ ಟೈರಿನ ಹಿಡಿತವನ್ನೂ, ಅದರ ದಪ್ಪ ಕೆನ್ನೆಯ ಮೆತ್ತನೆತನವನ್ನೂ ಲೆಕ್ಕಕ್ಕೆ ಹಿಡಿದೇ ಹೊಂದಿಸಿದ್ದರು. ಅಂಥ ಟೈರು ಜಾರುವ ಮೊದಲು ಕೈಗೆ ಸುದ್ದಿ ಮುಟ್ಟಿಸುತ್ತದೆ, ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ತಗ್ಗು ಕೆನ್ನೆಯ ಅಗಲದ ಟೈರು ಬಹಳ ಹೊತ್ತು ಹಿಡಿದು ಆಮೇಲೆ ಏಕಾಏಕಿ ಬಿಡುವ ಸ್ವಭಾವದ್ದು. ಹಾಗೆ ಹಿಡಿದಷ್ಟು ಹೊತ್ತೂ ಆ ಭಾರವೆಲ್ಲ ಚಕ್ರದ 60 ಕಡ್ಡಿಗಳ ಮೇಲೆ, ಹಬ್ಬಿನ ಹಲ್ಲುಗಳ ಮೇಲೆ. ಸ್ಪ್ರಿಂಗು, ಡ್ಯಾಂಪರ್, ರಿಮ್ಮು ಎಲ್ಲವನ್ನೂ ಬದಲಿಸುವವರು ಅಗಲ ಮಾಡಲಿ, ಅದು ಬೇರೆ ಕಾರೇ ಆಗುತ್ತದೆ. ಟೈರೊಂದನ್ನೇ ಬದಲಿಸುವುದು ಹಳೆ ಬಾಗಿಲಿಗೆ ದೊಡ್ಡ ಬೀಗ ಹಾಕಿದ ಹಾಗೆ. ಚಿಲಕದ ಕೊಂಡಿ ಕಿತ್ತುಬರುತ್ತದೆ.

195/60 ಅಂತೂ ಬೇಡವೆಂದು ಇನ್ನೊಂದು ಲೆಕ್ಕದಿಂದಲೂ ಖಚಿತವಾಯಿತು. ನನ್ನ ರಿಮ್ಮಿನ ಅಗಲ ನಾಲ್ಕೂವರೆ ಇಂಚು. ಆ ಟೈರಿಗೆ ಕನಿಷ್ಠ ಐದೂವರೆ ಬೇಕು. ಎತ್ತರವೂ ಕಡಿಮೆ: ಹಳೆಯ 165ರ ವ್ಯಾಸ 626 ಮಿಲಿಮೀಟರ್, ಇದರದ್ದು 590. ಸುಮಾರು ಆರು ಶೇಕಡಾ ಗಿಡ್ಡ. ಎಂಜಿನ್ ಅಷ್ಟೇ ಹೆಚ್ಚು ಸುತ್ತಬೇಕು, ಸ್ಪೀಡೋಮೀಟರ್ ಅಷ್ಟೇ ಸುಳ್ಳು ಹೇಳಬೇಕು. ಓವರ್‌ಡ್ರೈವ್ ಇಲ್ಲದ ನನ್ನ ಕಾರು ಹೆದ್ದಾರಿಯಲ್ಲಿ ಈಗಾಗಲೇ ಸಾಕಷ್ಟು ಕೂಗುತ್ತದೆ.

ನಡುವಿನ ದಾರಿ ಒಂದಿತ್ತು, 185/70. ಹೊರದೇಶಗಳಲ್ಲಿ ಎಷ್ಟೋ ಎಂಜಿಬಿಗಳು ಈ ಟೈರಿನಲ್ಲೇ ಓಡುತ್ತವೆ. ನಾಲ್ಕೂವರೆ ಇಂಚಿನ ರಿಮ್ಮಿಗೆ ಅದೇ ಕೊನೆಯ ಮಿತಿ, ವ್ಯಾಸ 615. ಹಳೆ ಕಾರಿನ ಹುಚ್ಚಿರುವ ಗೆಳೆಯರೊಬ್ಬರು ಆ ಟೈರು ಹಾಕಿದ್ದ ಎರಡು ಕಡ್ಡಿ ಚಕ್ರಗಳನ್ನು ಒಂದು ಭಾನುವಾರದ ಮಟ್ಟಿಗೆ ಕೊಟ್ಟರು. ಹಿಂದಿನ ಎರಡೂ ಕಡೆ ಹಾಕಿ, ಡಿಕ್ಕಿಯಲ್ಲಿ ಎರಡು ಮೂಟೆ ಅಕ್ಕಿ ಇಟ್ಟು, ಮಗನನ್ನೂ ಡಿಕ್ಕಿಯ ಅಂಚಿಗೆ ಕೂರಿಸಿ ಮಡ್‌ಗಾರ್ಡಿನ ಒಳಗೆ ಬೆರಳು ಆಡಿಸಿದೆ. ಬಲಗಡೆ ಎರಡು ಬೆರಳು ಹೋಯಿತು. ಎಡಗಡೆ ಕೈಯಲ್ಲಿದ್ದ ಪೆನ್ಸಿಲ್ಲೇ ಕಷ್ಟದಿಂದ ಹೋಯಿತು. ಐವತ್ತು ವರ್ಷ ದಾಟಿದ ಕಾರಿನ ಹಿಂದಿನ ಆಕ್ಸಲ್ ನಟ್ಟನಡುವೆ ಇರಬೇಕೆಂದು ನಿರೀಕ್ಷಿಸುವುದೂ ತಪ್ಪೇ. ಗುಂಡಿಗೆ ಇಳಿದಾಗೆಲ್ಲ ಮಡ್‌ಗಾರ್ಡಿನ ಅಂಚು ಟೈರನ್ನು ಕೆರೆಯುವುದು ಖಂಡಿತ.

ಅವೇ ಚಕ್ರಗಳನ್ನು ಮುಂದೆ ಹಾಕಿ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಕಾರು ತಿರುಗಿಸಲು ಹೋದೆ. ಎರಡು ವರ್ಷದ ಹಿಂದೆ ನನ್ನ ಬಲ ಹೆಗಲು ಹಿಡಿದುಕೊಂಡಿತ್ತು, ಈಗಲೂ ಮೇಲೆತ್ತಿದರೆ ಚಳುಕು. ಕಂಬದ ಪಕ್ಕ ಮೂರು ಸಲ ಹಿಂದೆ ಮುಂದೆ ಮಾಡುವಷ್ಟರಲ್ಲಿ ಕಣ್ಣಲ್ಲಿ ನೀರು. ಬರೀ ಎರಡು ಸೆಂಟಿಮೀಟರ್ ಅಗಲಕ್ಕೆ ಸ್ಟಿಯರಿಂಗ್ ಅಷ್ಟು ಭಾರವಾಯಿತು. ಈ ಟೈರು ಹಾಕಿಸಿದರೆ ಕಾರು ಓಡಿಸುವ ವರ್ಷಗಳಲ್ಲಿ ಒಂದಷ್ಟನ್ನು ನಾನೇ ಕಡಿತ ಮಾಡಿಕೊಂಡ ಹಾಗೆ ಎಂದು ಆಗ ಹೊಳೆಯಿತು. ಮಗನಿಗೆ ಇದನ್ನು ಹೇಳಲಿಲ್ಲ.

ನಿಜವಾದ ಕಾರಣ ಸಿಕ್ಕಿದ್ದು ಅದೇ ಭಾನುವಾರ, ನನ್ನ ಹಳೆ ಟೈರುಗಳನ್ನು ಗೋಡೆಗೆ ಒರಗಿಸಿಟ್ಟಾಗ. ಟೈರಿನ ಕೆನ್ನೆಯ ಮೇಲೆ ಸಣ್ಣ ಅಂಡಾಕಾರದಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ನನ್ನದರಲ್ಲಿ 2309 ಎಂದಿತ್ತು. 2009ರ ಇಪ್ಪತ್ತಮೂರನೇ ವಾರ! ಇಂಗ್ಲೆಂಡಿನಿಂದ ಬಂದ ಪರಿಚಯದವರ ಕೈಯಲ್ಲಿ ತರಿಸಿದ್ದ ದುಬಾರಿ ಟೈರುಗಳು. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಹಲ್ಲು ಹೊಸದರಂತೇ ಇದೆ ಎಂದು ವರ್ಷವರ್ಷವೂ ಸಮಾಧಾನಪಡುತ್ತಿದ್ದೆ. ಆ ಹಲ್ಲಿಗೆ ಉಗುರು ಒತ್ತಿದೆ. ಗಾಡಿಯ ಟೈರಿಗೆ ಒತ್ತಿದಂತಿರಲಿಲ್ಲ, ಕೊಬ್ಬರಿ ಚಿಪ್ಪಿಗೆ ಒತ್ತಿದಂತಿತ್ತು. ಬಿಸಿಲು, ಗಾಳಿ ಸೇರಿ ರಬ್ಬರು ಗಟ್ಟಿಯಾಗಿ ಹೋಗಿತ್ತು. ಹತ್ತು ವರ್ಷವಾದರೆ ಸವೆಯದಿದ್ದರೂ ಎಸೆಯಿರಿ ಎಂದು ಟೈರು ಮಾಡುವವರೇ ಹೇಳುತ್ತಾರೆ. ನಾನು ಹದಿನೈದು ದಾಟಿಸಿ, ಮಳೆಯಲ್ಲಿ, ಹೆಂಡತಿಯನ್ನು ಪಕ್ಕ ಕೂರಿಸಿಕೊಂಡು ಘಾಟು ಇಳಿದಿದ್ದೆ. ತಪ್ಪು ಟೈರಿನ ಅಗಲದ್ದಲ್ಲ, ನನ್ನ ಜಿಪುಣತನದ್ದು.

ಹಾಗಾದರೆ ಹೊಸ 165 ಎಲ್ಲಿ? 2020ರ ಜೂನ್‌ನಿಂದ ಹೊಸ ಟೈರುಗಳ ಆಮದಿಗೆ ನಿರ್ಬಂಧ ಬಂದಿದೆ, ಪರವಾನಗಿ ಬೇಕು. ನನ್ನಂಥವನು ನಾಲ್ಕು ಟೈರಿಗಾಗಿ ಆ ಗೋಜಿಗೆ ಬೀಳುವ ಹಾಗಿಲ್ಲ. ಎರಡು ತಿಂಗಳು ಹುಡುಕಿದೆ. ಉತ್ತರ ನಮ್ಮ ಗೇಟಿನ ಮುಂದೆಯೇ ನಿಂತಿತ್ತು. ಒಂದು ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಹೋಗಲು ಟ್ಯಾಕ್ಸಿ ಬಂತು, ಬಿಳಿ ಡಿಜೈರ್. ಚೀಲ ಇಡುವಾಗ ಟೈರಿನ ಮೇಲೆ ಕಣ್ಣು ಬಿತ್ತು: 165/80 ಆರ್ 14. ಹಳೆ ಟೈರುಗಳ ಮೇಲೆ ಬರೀ 165 ಆರ್ 14 ಎಂದಿದ್ದರೆ ಕೆನ್ನೆಯ ಎತ್ತರ ಅಗಲದ ಶೇಕಡಾ 82 ಎಂದು ತಿಳಿಯಬೇಕು. ಇದರದ್ದು 80. ವ್ಯಾಸ 620, ಒಂದು ಶೇಕಡಾ ವ್ಯತ್ಯಾಸ. ಹೊರುವ ಶಕ್ತಿ ಟೈರೊಂದಕ್ಕೆ 515 ಕಿಲೋ, ತಡೆಯುವ ವೇಗ ಗಂಟೆಗೆ 190. ನನ್ನ ಕಾರು ತಾರುಣ್ಯದಲ್ಲೇ 160 ದಾಟಲು ಏದುಸಿರು ಬಿಡುತ್ತಿತ್ತು. ಚಾಲಕ ಹಾರ್ನ್ ಹೊಡೆದು ಕರೆಯುವವರೆಗೂ ನಾನು ಅಲ್ಲೇ ಕೂತಿದ್ದೆ.

ನಾಲ್ಕಕ್ಕೆ ಹದಿನೆಂಟು ಸಾವಿರದ ಒಳಗೆ ಮುಗಿಯಿತು. ತಯಾರಾಗಿ ಮೂರು ತಿಂಗಳೂ ಆಗದ ಟೈರುಗಳು. ನಿಜವಾಗಿ ಅಲೆದಾಡಿಸಿದ್ದು ಟ್ಯೂಬು. ಕಡ್ಡಿ ಚಕ್ರದ ತೂತುಗಳಲ್ಲಿ ಗಾಳಿ ಸೋರುವುದರಿಂದ ಟ್ಯೂಬ್‌ಲೆಸ್ ಟೈರಿಗೂ ಟ್ಯೂಬು ಬೇಕೇ ಬೇಕು. ದೊಡ್ಡ ಅಂಗಡಿಯ ಹುಡುಗರಿಗೆ ಅದೇ ನಗೆಪಾಟಲು. ಕೊನೆಗೆ ಸ್ವಾರ್‌ಗೇಟ್ ಹತ್ತಿರದ ಮಲಯಾಳಿ ಪಂಕ್ಚರ್ ಅಂಗಡಿಯ ಹಿರಿಯರೇ ಗತಿ. ಅವರು ಟೈರಿನ ಒಳಗೆ ಕೈಯಾಡಿಸಿ, ಅಲ್ಲಿ ಅಂಟಿಸಿದ್ದ ಕಾಗದದ ಚೀಟಿಗಳನ್ನು ಒಂದೊಂದಾಗಿ ಕೆರೆದು ತೆಗೆದರು. ಬಿಟ್ಟರೆ ಅದರ ಅಂಚೇ ಟ್ಯೂಬನ್ನು ಉಜ್ಜಿ ಉಜ್ಜಿ ತೂತು ಮಾಡುತ್ತದಂತೆ. ಕಡ್ಡಿಗಳ ತಲೆ ಚುಚ್ಚದಂತೆ ರಿಮ್ಮಿಗೆ ರಬ್ಬರ್ ಪಟ್ಟಿ, ಮೇಲೆ ಒಂದಿಷ್ಟು ಪೌಡರು, ಆಮೇಲೆ ಟ್ಯೂಬು. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಕಡ್ಡಿ ಚಕ್ರದ ಕಾರಿದ್ದರೆ ಈ ಮೂರನ್ನು ಮರೆಯಬೇಡಿ. ಪೆಟ್ರೋಲ್ ಬಂಕಿನ ಹುಡುಗ ರೂಢಿಯಂತೆ 35 ಪೌಂಡ್ ತುಂಬಲು ಬಂದರೆ ಕೈ ಹಿಡಿಯಿರಿ. ಹಗುರ ಕಾರಿಗೆ ಅಷ್ಟು ತುಂಬಿದರೆ ಆ ಫೋಟೋದಷ್ಟು ಜಾಗವೂ ಕುಗ್ಗುತ್ತದೆ. ನಾನು ಮುಂದೆ 24, ಹಿಂದೆ 26 ಇಟ್ಟುಕೊಂಡಿದ್ದೇನೆ.

ಸೆಪ್ಟೆಂಬರಿನ ಕೊನೆಯ ಮಳೆಗಳಲ್ಲಿ ಒಂದು ನಸುಕಿಗೆ ಒಬ್ಬನೇ ಹೋಗಿ ಸಾತಾರಾ ಕಡೆಯಿಂದ ತಿರುಗಿ ಬಂದೆ. ಸುರಂಗ ದಾಟಿತು, ಎಸ್ ತಿರುವು ಬಂತು. ಅದೇ ಐವತ್ತು. ಸ್ಟಿಯರಿಂಗಿನಲ್ಲಿ ರಸ್ತೆಯ ಒದ್ದೆ, ಡಾಂಬರಿನ ತೇಪೆ ಎಲ್ಲ ಅಂಗೈಗೆ ತಿಳಿಯುತ್ತಿತ್ತು. ಕಾರು ಗೆರೆ ಎಳೆದ ಹಾಗೆ ಬಂತು. ಶಿರವಳದಲ್ಲಿ ನಿಲ್ಲಿಸಿ ಎರಡು ಚಹಾ ಕುಡಿದೆ.

ಮನೆಯಲ್ಲಿ ಈ ಲೆಕ್ಕವನ್ನೆಲ್ಲ ಹೇಳಲು ಹೋದರೆ ಹೆಂಡತಿ ಚದರ ಸೆಂಟಿಮೀಟರಿಗೇ ಎದ್ದು ಹೋದಳು. ಆಮೇಲೆ ಒಂದು ದಿನ ತರಕಾರಿ ಚೀಲ ಹಿಡಿದು ಬರುವಾಗ ತಾನೇ ಕಾರಿನ ಪಕ್ಕ ನಿಂತಳು. "ಇವು ಟ್ಯಾಕ್ಸಿ ಟೈರ್ ಏನ್ರಿ?"

"ಹೌದು. ಅವs."

"ಟ್ಯಾಕ್ಸಿಯವ್ರು ದಿನಾ ಇಳೀತಾರಲ್ಲ ಆ ಘಾಟು." ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಹಳೇವು ಹದಿನೈದು ವರ್ಷದವು ಅಂತ ನಿಮಗ ಗೊತ್ತಿರಲಿಲ್ಲೇನು?"

ಸುಳ್ಳು ಹೇಳಬಹುದಿತ್ತು. "ಗೊತ್ತಿತ್ತು. ನೋಡಿರಲಿಲ್ಲ" ಎಂದೆ.

ಆಕೆ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ಯುಗಾದಿಗೆ ಬರ್ತೀನಿ, ಒಣಾ ರಸ್ತೆ ಇರ್ತದ. ಮಳಿಗಾಲದಾಗ ಬಸ್ಸು" ಎಂದು ಲಿಫ್ಟಿನ ಕಡೆಗೆ ನಡೆದಳು.