ನೋಡಲೇಬೇಕೆಂಬ ಉಡದ ಪಟ್ಟು

ನಮ್ಮ ಬಂಧುವರ್ಗದಲ್ಲಿಯೂ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಇಂಡೋನೇಷ್ಯಾ ಪ್ರವಾಸ ಈಗ ಸಾಮಾನ್ಯ ಸಂಗತಿಯಾಗಿದೆ. ಬಾಲಿಗೆ ಹೋದವರಲ್ಲಿ ಕೆಲವರು ಅಲ್ಲಿಗೇ ನಿಲ್ಲದೆ ಇನ್ನೊಂದು ವಿಮಾನ ಹಿಡಿದು, ಫ್ಲೋರೆಸ್ ದ್ವೀಪದ ಪಶ್ಚಿಮ ತುದಿಯಲ್ಲಿರುವ ಲಬುವಾನ್ ಬಾಜೋ ಎಂಬ ಬಂದರು ಪಟ್ಟಣಕ್ಕೆ ಹೋಗುತ್ತಾರೆ. ಅಲ್ಲಿಂದ ಹೆಂಡತಿ ಮಕ್ಕಳ ಸಮೇತ ಹಾಯಿಹಡಗಿನಲ್ಲಿ ಎರಡು ರಾತ್ರಿ ಕಳೆದು, ಮಾರ್ಗದರ್ಶಕನೊಡನೆ ಕಾಡಿನಲ್ಲಿ ನಡೆದು, ಜಗತ್ತಿನ ಅತಿ ದೊಡ್ಡ ಹಲ್ಲಿಯೆನಿಸಿದ ಕೊಮೊಡೊ ಡ್ರ್ಯಾಗನ್ನನ್ನು ಕಂಡು ಬರುತ್ತಾರೆ. ಸಂತೋಷದ ವಿಷಯವೇ. ಆದರೆ ಹೋಗಿ ಬಂದವರ ಬಾಯಿಂದ ನಾನು ಪದೇ ಪದೇ ಕೇಳುತ್ತಿರುವ ಮಾತು ಒಂದುಂಟು: "ಮೇಷ್ಟ್ರೇ, ಅದು ಸುಮ್ಮನೆ ಬಿದ್ದುಕೊಂಡಿತ್ತು. ಅಷ್ಟು ದುಡ್ಡು ದಂಡ." ಈ ಮಾತನ್ನು ವಿರೋಧಿಸಲೆಂದೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಕಾಡುಪ್ರಾಣಿಯು ನಮ್ಮ ಟಿಕೆಟ್ಟಿಗೆ ಋಣಿಯಲ್ಲ. ನಾವು ತೆತ್ತ ಹಣ ದಾರಿಯ ಖರ್ಚಿಗೆ, ಕಾವಲಿನವರ ಸಂಬಳಕ್ಕೆ ಸಲ್ಲುತ್ತದೆಯೇ ಹೊರತು ಪ್ರಾಣಿಯ ದಿನಚರಿಯನ್ನು ಅದು ಕೊಂಡುಕೊಳ್ಳುವುದಿಲ್ಲ. ಕಾಣಲೇಬೇಕು, ಹತ್ತಿರದಿಂದಲೇ ಕಾಣಬೇಕು, ಕಂಡದ್ದು ಏನಾದರೂ ಮಾಡಿ ತೋರಿಸಬೇಕು ಎಂಬ ಹಟ ಕೇವಲ ಅಸಭ್ಯತೆಯಲ್ಲ. ಆ ಪ್ರಾಣಿಗೂ ಅದರ ನೆರೆಯಲ್ಲಿ ಬಾಳುವ ಜನರಿಗೂ ಅದರಿಂದ ಹಾನಿಯಾಗಿದೆ. ಇದನ್ನು ನಾನು ಆವೇಶದಿಂದ ಹೇಳುತ್ತಿಲ್ಲ, ಆಧಾರವಿಟ್ಟುಕೊಂಡು ಹೇಳುತ್ತಿದ್ದೇನೆ.

ಮೊದಲಿಗೆ "ಬಿದ್ದುಕೊಂಡಿತ್ತು" ಎಂಬ ಆಕ್ಷೇಪಣೆಯನ್ನು ಪರಿಶೀಲಿಸೋಣ. ಸ್ಥಳೀಯರು ಓರಾ ಎಂದು ಕರೆಯುವ ಈ ಜೀವಿ ನಮ್ಮ ಉಡದ ಕುಲಕ್ಕೇ ಸೇರಿದ್ದು. ಶೀತರಕ್ತ ಪ್ರಾಣಿಗಳ ಪಾಠವನ್ನು ನನ್ನ ತರಗತಿಯಲ್ಲಿ ಕೇಳಿದವರಿಗೆ ನೆನಪಿರಬೇಕು: ಸರೀಸೃಪವು ತನ್ನ ಮೈಯ ಶಾಖವನ್ನು ಹೊರಗಿನಿಂದ ಪಡೆಯಬೇಕು. ಬೆಳಗ್ಗೆ ಬಿಸಿಲು ಕಾಯಿಸಿಕೊಳ್ಳುವುದು, ಮಧ್ಯಾಹ್ನ ನೆರಳಿನಲ್ಲಿ ಒರಗುವುದು ಅದರ ಸೋಮಾರಿತನವಲ್ಲ, ಬದುಕುವ ಕ್ರಮ. ಮೂರು ಮೀಟರಿನವರೆಗೂ ಬೆಳೆಯಬಲ್ಲ ಓರಾ ಒಂದೇ ಊಟದಲ್ಲಿ ತನ್ನ ದೇಹತೂಕದ ಶೇಕಡಾ 80ರಷ್ಟನ್ನು ತಿನ್ನಬಲ್ಲದು; ವರ್ಷಕ್ಕೆ ಹತ್ತು ಹನ್ನೆರಡು ಊಟಗಳಲ್ಲಿ ಬದುಕಬಲ್ಲದು. ಬೇಟೆಯನ್ನು ಬೆನ್ನಟ್ಟಿ ಓಡುವುದಕ್ಕಿಂತ ಜಿಂಕೆ ಹಾದುಹೋಗುವ ದಾರಿಯಲ್ಲಿ ಅಲುಗಾಡದೆ ಕಾಯುವುದೇ ಅದರ ವಿದ್ಯೆ. ಅಂದಮೇಲೆ ನಿಶ್ಚಲವಾಗಿ ಮಲಗಿದ ಓರಾವನ್ನು ಕಂಡವನು ನಿಜವಾದ ಓರಾವನ್ನೇ ಕಂಡಿದ್ದಾನೆ. ಅವನು ಬಯಸಿದ್ದು ಸಿನಿಮಾದ ಓರಾವನ್ನು.

ಎರಡು ವರ್ಷಗಳ ಹಿಂದೆ ಮಗನ ಕುಟುಂಬದೊಡನೆ ನಾನೂ ಈ ಯಾತ್ರೆಯನ್ನು ಮಾಡಿದ್ದೇನೆ. ಪಿನಿಸಿ ಎಂಬುದು ದಕ್ಷಿಣ ಸುಲಾವೆಸಿಯ ಹಡಗು ಕಟ್ಟುವವರ ಹೆಮ್ಮೆ. ಆ ಕೌಶಲವನ್ನು ಯುನೆಸ್ಕೋ 2017ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಆದರೆ ನಾವು ಏರಿದ ಹಡಗು ಸಾಗಿದ್ದೆಲ್ಲ ಡೀಸೆಲ್ ಎಂಜಿನ್ನಿನಿಂದ. ಹಾಯಿಯನ್ನು ಬಿಚ್ಚಿದ್ದು ಒಂದು ಸಂಜೆ, ಅರ್ಧ ಗಂಟೆ, ಎಲ್ಲರೂ ಫೋಟೋ ತೆಗೆದುಕೊಳ್ಳಲೆಂದು. ಇದರಲ್ಲಿ ಯಾರಿಗೂ ನಷ್ಟವಿಲ್ಲ, ಹಾಯಿಗೆ ನೋವಿಲ್ಲ. ಆದರೆ ದಡಕ್ಕಿಳಿದ ಮೇಲೂ ಅದೇ ನಿರೀಕ್ಷೆ ಮುಂದುವರಿಯುತ್ತದೆ. ಮೆಮೊರಿ ಕಾರ್ಡಿಗಾಗಿ ಹಾಯಿ ಬಿಚ್ಚಿದಂತೆ ಓರಾವೂ ಬಾಯಿ ಬಿಚ್ಚಲಿ ಎಂದು ಜನ ಕಾಯುತ್ತಾರೆ.

ಕೊಮೊಡೊ ದ್ವೀಪದ ಲೋಹ್ ಲಿಯಾಂಗ್‌ನಲ್ಲಿ ನಮ್ಮ ಮಾರ್ಗದರ್ಶಕನ ಕೈಯಲ್ಲಿದ್ದುದು ಒಂದು ಕವಲುಕೋಲು ಮಾತ್ರ. ಓರಾ ಹತ್ತಿರ ಬಂದರೆ ಅದರ ಕತ್ತಿಗೆ ಆ ಕವಲನ್ನು ಒತ್ತಿ ತಡೆಯಬೇಕು. ಹುಣಸೆ ಮರದ ನೆರಳಿನಲ್ಲಿ ಮಲಗಿದ್ದ ಒಂದು ಓರಾದ ಮುಂದೆ ನಮಗಿಂತ ಮೊದಲು ಬಂದ ತಂಡವೊಂದು ನಿಂತಿತ್ತು. ಅದರಲ್ಲಿದ್ದ ಒಬ್ಬ ತಂದೆ ಮಕ್ಕಳಿಗೆ ತೋರಿಸಲೆಂದು ಚಪ್ಪಾಳೆ ತಟ್ಟಿದರು. ಅದು ಏಳದಿದ್ದಾಗ ನೆಲದಿಂದ ಕಲ್ಲೊಂದನ್ನು ಎತ್ತಿಕೊಂಡರು. ಅವರ ಮಾರ್ಗದರ್ಶಕ ಕೈ ಹಿಡಿದು ತಡೆದ. ಹಿಂತಿರುಗುವಾಗ ಅದೇ ತಂದೆ ಆ ಹುಡುಗನಿಗೆ ಭಕ್ಷೀಸು ಕೊಡಲಿಲ್ಲವೆಂಬುದನ್ನೂ ನೋಡಿದೆ. ಯೋಚಿಸಿ: ತನ್ನ ಕರ್ತವ್ಯವನ್ನು ಸರಿಯಾಗಿ ನೆರವೇರಿಸಿದ್ದಕ್ಕೆ ಅವನಿಗೆ ದಂಡ ಬಿತ್ತು. ಮರುದಿನ ಇನ್ನೊಬ್ಬ ತಂದೆ ಕಲ್ಲೆತ್ತಿದಾಗ ಅವನು ತಡೆಯುವನೇ? ಹೊಟ್ಟೆಪಾಡಿನವನನ್ನು ಇಂಥ ಪರೀಕ್ಷೆಗೆ ಒಡ್ಡುವ ಅಧಿಕಾರ ನಮಗೆ ಯಾರು ಕೊಟ್ಟರು?

ಓರಾ ಆಟಿಕೆಯಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅದರ ಜೊಲ್ಲಿನ ಬ್ಯಾಕ್ಟೀರಿಯಾದಿಂದ ಬೇಟೆ ಸಾಯುತ್ತದೆಂದು ಬಹುಕಾಲ ನಂಬಲಾಗಿತ್ತು. ಕೆಳದವಡೆಯಲ್ಲಿ ವಿಷಗ್ರಂಥಿಗಳಿವೆ ಎಂಬುದನ್ನು 2009ರಲ್ಲಿ ಬ್ರಯಾನ್ ಫ್ರೈ ಮತ್ತು ಸಂಗಡಿಗರು ಪ್ರಕಟಿಸಿದರು. 2007ರಲ್ಲಿ ಕೊಮೊಡೊ ದ್ವೀಪದ ಬಾಲಕನೊಬ್ಬ ಅದರ ದಾಳಿಯಿಂದ ಪ್ರಾಣ ಕಳೆದುಕೊಂಡ. ಕ್ಯಾಮೆರಾವನ್ನು ನೆಲಮಟ್ಟದಲ್ಲಿ ಹಿಡಿದು, ನಾಲ್ಕಾರು ಮೀಟರ್ ಹಿಂದೆ ಕುಳಿತವರನ್ನು ಓರಾದ ಬೆನ್ನ ಮೇಲೇ ಕೈಯಿಟ್ಟಂತೆ ತೋರಿಸುವ ಚಿತ್ರಗಳನ್ನು ನೀವೆಲ್ಲ ಕಳುಹಿಸಿದ್ದೀರಿ. ಆ ಚಿತ್ರವನ್ನು ನಂಬಿ ಹೋದ ಮುಂದಿನವರು ನಿಜವಾಗಿಯೂ ಹತ್ತಿರ ಹೋಗಲು ಹವಣಿಸುತ್ತಾರೆ.

ನೋಡಲೇಬೇಕೆಂಬ ಹಟಕ್ಕೆ ಚರಿತ್ರೆಯೂ ಇದೆ. 1980ರಲ್ಲಿ ಕೊಮೊಡೊ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. 1991ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಆ ಕಾಲದಲ್ಲಿ ಪ್ರವಾಸಿಗಳಿಗೆ ಓರಾ ತಪ್ಪದೆ ಕಾಣಲೆಂದು ಕೊಮೊಡೊ ದ್ವೀಪದ ಒಂದು ಸ್ಥಳದಲ್ಲಿ ಆಡನ್ನು ಕೊಂದು ಹಾಕುವ ಪದ್ಧತಿಯಿತ್ತು. ಸುತ್ತ ನಿಂತ ಜನ ಚಿತ್ರ ತೆಗೆಯುತ್ತಿದ್ದರು, ಓರಾಗಳು ಕಿತ್ತಾಡಿ ತಿನ್ನುತ್ತಿದ್ದವು. ಬೇಟೆಗಾರ ಪ್ರಾಣಿಗಳನ್ನು ಸರದಿ ಕಾಯುವ ತಿರುಕರನ್ನಾಗಿಸಿದ ಈ ಪದ್ಧತಿಯನ್ನು 1994ರಲ್ಲಿ ಕೈಬಿಡಲಾಯಿತು. ಆಡು ನಿಂತಿತು, ಅಡುಗೆಮನೆ ಉಳಿಯಿತು. ಕಾವಲು ಠಾಣೆಗಳ ಅಡುಗೆಮನೆಯ ವಾಸನೆಗೆ ಬಂದು ಕಟ್ಟಡದ ಕಂಬಗಳ ಬುಡದಲ್ಲಿ ಮಲಗುವ ಓರಾಗಳನ್ನು ಎಷ್ಟೋ ಪ್ರವಾಸಿಗಳು ಕಂಡಿದ್ದಾರೆ. ಜನಸಂಚಾರ ಹೆಚ್ಚಿರುವಲ್ಲಿನ ಓರಾಗಳು ಮನುಷ್ಯನಿಗೆ ಬೆದರುವುದು ಕಡಿಮೆ, ಅವುಗಳ ಮೈಯೂ ತುಂಬಿಕೊಂಡಿರುತ್ತದೆ ಎಂದು ಸಂಶೋಧಕರು ದಾಖಲಿಸಿದ್ದಾರೆ. ಮೈ ತುಂಬಿದರೆ ಒಳ್ಳೆಯದಲ್ಲವೇ ಎಂದು ಕೇಳಬಹುದು. ದೊಡ್ಡ ಓರಾ ಚಿಕ್ಕದನ್ನು ತಿನ್ನುತ್ತದೆ. ಆ ಭಯದಿಂದಲೇ ಮರಿಗಳು ಮೊದಲ ವರ್ಷಗಳನ್ನು ಮರದ ಮೇಲೆ ಕಳೆಯುತ್ತವೆ. ಒಂದೆಡೆ ಕೊಬ್ಬಿದ್ದು ಇನ್ನೊಂದೆಡೆ ಲೆಕ್ಕ ತಪ್ಪಿಸುತ್ತದೆ.

ಸರ್ಕಾರಗಳು ಈ ಹಟಕ್ಕೆ ಕಂಡುಕೊಂಡ ಉತ್ತರವೂ ವಿಚಿತ್ರವೇ. 2019ರಲ್ಲಿ ಆ ಪ್ರಾಂತ್ಯದ ರಾಜ್ಯಪಾಲರು ಕೊಮೊಡೊ ದ್ವೀಪವನ್ನು ಒಂದು ವರ್ಷ ಮುಚ್ಚುವ, ಅಲ್ಲಿನ ನಿವಾಸಿಗಳನ್ನು ಬೇರೆಡೆಗೆ ಸಾಗಿಸುವ ಯೋಜನೆಯನ್ನು ಮುಂದಿಟ್ಟರು. ಆ ನಿವಾಸಿಗಳು ಯಾರು? ಆಟಾ ಮೊಡೊ ಜನ. ಒಬ್ಬ ತಾಯಿಯ ಅವಳಿ ಮಕ್ಕಳಲ್ಲಿ ಒಂದು ಮನುಷ್ಯ, ಇನ್ನೊಂದು ಓರಾ ಎಂದು ಅವರ ಪುರಾಣ ಹೇಳುತ್ತದೆ. ಪ್ರಾಣಿಯನ್ನು ಒಡಹುಟ್ಟೆಂದು ಬಗೆದವರನ್ನು ಹೊರಗಟ್ಟಿ, ಹಣ ತೆತ್ತು ಒಂದು ಗಂಟೆ ನೋಡಿ ಹೋಗುವವರಿಗೆ ದ್ವೀಪವನ್ನು ಬಿಡುವುದು ಯಾವ ನ್ಯಾಯ? ವಿರೋಧ ಬಂದುದರಿಂದ ಅದೇ ವರ್ಷ ಆ ಯೋಜನೆ ಬಿದ್ದುಹೋಯಿತು. 2020ರಲ್ಲಿ ರಿಂಚಾ ದ್ವೀಪದ ಪ್ರವಾಸಿ ಕಾಮಗಾರಿಯ ಲಾರಿಗೆ ಎದುರಾಗಿ ನಿಂತ ಓರಾದ ಚಿತ್ರ ಜಗತ್ತೆಲ್ಲ ಹರಡಿತು. 2022ರಲ್ಲಿ ಪ್ರವೇಶ ಶುಲ್ಕವನ್ನು 37 ಲಕ್ಷ 50 ಸಾವಿರ ರೂಪಿಯಾಕ್ಕೆ, ಎಂದರೆ ಅಂದಿನ ಲೆಕ್ಕದಲ್ಲಿ ನಮ್ಮ ಸುಮಾರು 20,000 ರೂಪಾಯಿಗೆ ಏರಿಸುವುದಾಗಿ ಘೋಷಿಸಿದರು. ಆಗಸ್ಟ್‌ನಲ್ಲಿ ಲಬುವಾನ್ ಬಾಜೋದ ದೋಣಿಯವರು, ಮಾರ್ಗದರ್ಶಕರು ಮುಷ್ಕರ ಹೂಡಿದರು. ವರ್ಷ ಮುಗಿಯುವುದರೊಳಗೆ ಆ ಏರಿಕೆ ರದ್ದಾಯಿತು. ದುಬಾರಿ ಟಿಕೆಟ್ಟು ಪ್ರವಾಸಿಗರ ಸಂಖ್ಯೆಯನ್ನು ತಗ್ಗಿಸಬಹುದು, ಹಟವನ್ನು ತಗ್ಗಿಸದು. ಹೆಚ್ಚು ಕೊಟ್ಟವನು ಹೆಚ್ಚನ್ನೇ ಕೇಳುತ್ತಾನೆ.

"ಹಾಗಾದರೆ ಯಾರೂ ಹೋಗಬಾರದೇ? ಪ್ರವಾಸಿಯ ಹಣವಿಲ್ಲದಿದ್ದರೆ ಓರಾ ಉಳಿಯುತ್ತಿತ್ತೇ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಉದ್ಯಾನವಾದ ಮೇಲೆ ಬೇಟೆ, ಮೀನುಗಾರಿಕೆಗಳಿಗೆ ನಿರ್ಬಂಧ ಬಿದ್ದುದರಿಂದ ಕೊಮೊಡೊ ಹಳ್ಳಿಯ ಎಷ್ಟೋ ಮನೆಗಳು ಮರದ ಓರಾ ಬೊಂಬೆಗಳನ್ನು ಕೆತ್ತಿ ಮಾರಿ ಬದುಕುತ್ತಿವೆ. ಆದ್ದರಿಂದ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹೋಗಿ, ಆದರೆ ಅತಿಥಿಗಳಾಗಿ ಹೋಗಿ. ಮನೆಗೆ ಬಂದ ನೆಂಟ ಮಲಗಿದ ಅಜ್ಜನನ್ನು ಎಬ್ಬಿಸಿ "ಏನಾದರೂ ಹಾಡಿ" ಎನ್ನುವುದಿಲ್ಲ.

ಸಮಯವೂ ಹೆಚ್ಚಿಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2021ರಲ್ಲಿ ಓರಾವನ್ನು ಅಳಿವಿನಂಚಿನ ಪ್ರಾಣಿಗಳ ವರ್ಗಕ್ಕೆ ಸೇರಿಸಿತು. ಏರುತ್ತಿರುವ ಉಷ್ಣತೆ ಮತ್ತು ಸಮುದ್ರಮಟ್ಟದಿಂದ ಮುಂದಿನ 45 ವರ್ಷಗಳಲ್ಲಿ ಅದರ ನೆಲೆ ಶೇಕಡಾ 30ರಷ್ಟಾದರೂ ಕುಗ್ಗಲಿದೆ ಎಂಬುದು ಅದರ ಅಂದಾಜು. ನಮ್ಮ ಮೊಮ್ಮಕ್ಕಳು ನಮ್ಮ ವಯಸ್ಸಿಗೆ ಬರುವ ಮೊದಲೇ ಮುಗಿಯುವ ಅವಧಿಯದು.

ಓರಾವನ್ನು ನೋಡಲು ಸಮುದ್ರ ದಾಟುವ ನಾವು ಮನೆಯ ಹಿತ್ತಲಿನ ಉಡವನ್ನು ಹೇಗೆ ನೋಡಿಕೊಂಡಿದ್ದೇವೆ? ಬಿಡದ ಹಿಡಿತಕ್ಕೆ ಉಡದ ಪಟ್ಟೆಂಬ ಹೆಸರನ್ನು ಅದರಿಂದ ಎರವಲು ಪಡೆದೆವು. ಪ್ರತಿಯಾಗಿ ಮಾಂಸಕ್ಕೆ, ಎಣ್ಣೆಗೆ, ಚರ್ಮಕ್ಕೆ ಅದನ್ನು ಕೊಂದೆವು. ಅದೃಷ್ಟ ತರುವ "ಹತ್ತಾಜೋಡಿ" ಬೇರೆಂದು ಪೂಜಾ ಸಾಮಗ್ರಿಗಳೊಡನೆ ಮಾರಿದ್ದು ಬೇರಲ್ಲ, ಗಂಡು ಉಡದ ಒಣಗಿಸಿದ ಜನನಾಂಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲಿಯೇ ಉಡಕ್ಕೂ ರಕ್ಷಣೆಯಿದೆ. ಕೊಮೊಡೊದಲ್ಲಿ ಚಿತ್ರ ತೆಗೆಸಿಕೊಂಡು ಬಂದು, ಊರಿನ ಗದ್ದೆಯ ಬದುವಿನಲ್ಲಿ ಉಡ ಕಂಡಾಗ ದೊಣ್ಣೆ ಹುಡುಕಿದರೆ ಆ ಯಾತ್ರೆಯೇ ವ್ಯರ್ಥ, ಓರಾ ಮಲಗಿದ್ದುದರಿಂದಲ್ಲ.

ಆದ್ದರಿಂದ ಮುಂದಿನ ಬೇಸಿಗೆ ರಜೆಗೆ ಹೊರಡುವವರಲ್ಲಿ ನನ್ನ ವಿನಂತಿ ಇಷ್ಟೇ. ಕಾಣದೆಯೂ ಇರಬಹುದೆಂದು ಮಕ್ಕಳಿಗೆ ಹಡಗು ಹತ್ತುವ ಮೊದಲೇ ತಿಳಿಸಿ. ಜುಲೈ, ಆಗಸ್ಟ್ ತಿಂಗಳು ಅವುಗಳ ಕೂಡುವ ಕಾಲ, ಆಗ ಅವು ಕಾಡಿನೊಳಗೆ ಸೇರುವುದುಂಟು. ಮಾರ್ಗದರ್ಶಕ ನಿಲ್ಲೆಂದಲ್ಲಿ ನಿಲ್ಲಿ, ಬೇಡವೆಂದವನಿಗೆ ಭಕ್ಷೀಸನ್ನು ಎರಡು ಪಾಲು ಕೊಡಿ. ಹಳ್ಳಿಯವರಿಂದ ಒಂದು ಬೊಂಬೆ ಕೊಳ್ಳಿ. ಮಲಗಿದ ಓರಾದ ಮುಂದೆ ಹತ್ತು ನಿಮಿಷ ಫೋನನ್ನು ಜೇಬಿನಲ್ಲಿಟ್ಟು ಸುಮ್ಮನೆ ನಿಂತು ನೋಡಿ. ಅದರ ಪಕ್ಕೆ ಉಬ್ಬಿ ಇಳಿಯುವುದು, ಸೀಳುನಾಲಿಗೆ ಹೊರಬಂದು ಗಾಳಿಯ ವಾಸನೆಯನ್ನು ಹಿಡಿಯುವುದು ಕಾಣುತ್ತದೆ. ಅಷ್ಟು ಹೊತ್ತಿಗೆ ನಿಮ್ಮನ್ನು ಅದು ಎಂದೋ ನೋಡಿಯಾಗಿರುತ್ತದೆ.